ಉಪ್ಪುನೀರಿನ ನೀಲಿ

ನೆಲದ ಮೇಲೆ ನೀರು ಚೆಲ್ಲಿದರೆ ಎಲ್ಲರೂ ಬಟ್ಟೆ ಹುಡುಕುತ್ತಾರೆ. ನನ್ನ ಭಾವ ಮಾತ್ರ ಕುಕ್ಕರಗಾಲಲ್ಲಿ ಕೂತು, ಅದು ಯಾವ ಸಂದಿನತ್ತ ಹರಿಯುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ನೋಡುತ್ತಾರೆ. "ನೋಡ್ತಾ ಕೂತಿರಿ, ಅದೇ ಎದ್ದು ಹೋಗತ್ತೆ," ಎನ್ನುತ್ತ ಅಕ್ಕ ಅವರ ಮಂಡಿಯ ಮೇಲಿಂದಲೇ ಕೈಚಾಚಿ ಒರೆಸುತ್ತಾಳೆ. "ನಮ್ಮನೆ ನಲ್ಲಿ ಸೋರೋದು ಕಾಣಲ್ಲ, ಪಾತಾಳದಲ್ಲಿ ಹರಿಯೋದು ಮಾತ್ರ ಕಾಣತ್ತೆ ಇವರಿಗೆ."

ಮಣ್ಣಿನೊಳಗೆ ನೀರೂ ಅದರಲ್ಲಿ ಕರಗಿದ ಲವಣವೂ ಹೇಗೆ ಚಲಿಸುತ್ತವೆ ಎಂಬುದನ್ನು ಅಗೆಯದೆ ನೋಡುವುದು ಅವರ ವೃತ್ತಿ. ಉಕ್ಕಿನ ಗೂಟಗಳನ್ನು ಸಾಲಾಗಿ ನೆಟ್ಟು, ತಂತಿ ಜೋಡಿಸಿ, ಬ್ಯಾಟರಿಯಿಂದ ಸಣ್ಣದಾಗಿ ಕರೆಂಟು ಹಾಯಿಸುತ್ತಾರೆ. ಒಣಮಣ್ಣು ಅದನ್ನು ತಡೆಯುತ್ತದೆ, ಉಪ್ಪುನೀರು ಸಲೀಸಾಗಿ ದಾರಿ ಬಿಡುತ್ತದೆ. ಆ ವ್ಯತ್ಯಾಸವನ್ನು ಕಂಪ್ಯೂಟರು ಬಣ್ಣವಾಗಿ ಬಿಡಿಸುತ್ತದೆ. ಒಣನೆಲ ಕೆಂಪು, ಉಪ್ಪುನೀರು ನೀಲಿ. ಜೇಬಿನ ತುಂಬ ಕ್ಲಿಪ್ಪು ತುಂಬಿಕೊಂಡ ಅವರ ಮಾಸಲು ಕೋಟು ಅವರಿಗಿಂತ ಮುಂಚೆ ಬಾಗಿಲಿಗೆ ಬಂದು ಸದ್ದು ಮಾಡುತ್ತದೆ. "ಅಂದ್ರೆ ಏನಪ್ಪಾ ಅಂದ್ರೆ" ಎಂಬ ಪೀಠಿಕೆಯಿಲ್ಲದೆ ಗಂಟೆ ಎಷ್ಟೆಂದೂ ಹೇಳಿದವರಲ್ಲ.

ಒಂದು ಬೇಸಿಗೆಯಲ್ಲಿ ಊರಂಚಿನ ಬೀದಿಯೊಂದರ ಬಾವಿನೀರು ಉಪ್ಪಾಯಿತು. ಬೀದಿಯ ತುದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವವನ ಕಾರ್ಖಾನೆ. ನೂಲಿಗೆ ಬಣ್ಣ ಹಿಡಿಯಲು ಮೂಟೆಗಟ್ಟಲೆ ಉಪ್ಪು ಬೇಕು, ಮಿಕ್ಕ ನೀರೆಲ್ಲ ಹಿತ್ತಿಲ ಹೊಂಡಕ್ಕೆ. ಎಲ್ಲರ ಬೆರಳೂ ಆ ಕಡೆಗೇ ತಿರುಗಿತು. ಭಾವ ಹೊಂಡದಿಂದ ಬಾವಿಯವರೆಗೆ ಗೂಟಗಳನ್ನು ನೆಟ್ಟು ವಾರವಾರವೂ ಅಳೆದರು. ಚಿತ್ರದಲ್ಲಿ ನೀಲಿಯ ತುಣುಕುಗಳು ಬೆಳೆದು, ಒಂದಕ್ಕೊಂದು ಕೂಡಿ, ಹೊಂಡದಿಂದ ಹೊರಟ ತೊರೆಯಂತೆ ಬಾವಿಯನ್ನು ಮುಟ್ಟಿದವು. ಶಾಲೆಯ ಹಜಾರದಲ್ಲಿ ಬೀದಿಯವರನ್ನೆಲ್ಲ ಕೂರಿಸಿ ಅದನ್ನು ತೋರಿಸಿದರು. ಕಾರ್ಖಾನೆಗೆ ಬೀಗ ಬಿತ್ತು.

ಮುಂದೆ ವಿದ್ಯಾರ್ಥಿಗಳಿಗೆ ಕಲಿಸಲೆಂದು ಆಟದ ಮೈದಾನವೊಂದರಲ್ಲಿ ಗೂಟ ನೆಟ್ಟರು. ಅಲ್ಲಿ ಹೊಂಡವಿಲ್ಲ, ಬಾವಿಯಿಲ್ಲ, ಬಣ್ಣದವನೂ ಇಲ್ಲ. ಆದರೂ ಕೆಲವೇ ವಾರಗಳಲ್ಲಿ ಅದೇ ನೀಲಿ, ಅದೇ ತೊರೆ.

ಆ ಸಂಜೆ ಅವರು ಕೋಟು ಕೂಡ ಬಿಚ್ಚದೆ ಊಟದ ಮೇಜಿನ ಮುಂದೆ ಕೂತಿದ್ದರು.

"ಏನ್ರೀ, ಯಾರಾದ್ರೂ ಹೋದ್ರಾ?" ಎಂದಳು ಅಕ್ಕ.

"ನಾನೇ ಸುರಿದಿದ್ದು ಕಣೇ."

"ಏನನ್ನ?"

"ಆ ಉಪ್ಪು."

ನೆಲ ತೀರ ಒಣಗಿದ್ದರೆ ಗೂಟಕ್ಕೂ ಮಣ್ಣಿಗೂ ನಂಟು ಕೂಡುವುದಿಲ್ಲ. ಆದ್ದರಿಂದ ಅಳೆಯುವ ಮುನ್ನ ಪ್ರತಿ ಗೂಟದ ಬುಡಕ್ಕೂ ಒಂದು ಮಗ್ಗು ಉಪ್ಪುನೀರು ಹೊಯ್ಯುವುದು ಆ ಕಸುಬಿನವರ ವಾಡಿಕೆ. ಒಮ್ಮೆ ಹೊಯ್ದರೆ ಬಾಧಕವಿಲ್ಲ. ವಾರವಾರವೂ ಹೊಯ್ದದ್ದು ಮರಳುಮಣ್ಣಿನಲ್ಲಿ ಇಳಿದು, ಹರಡಿ, ಪಕ್ಕದ ಗೂಟದ ಉಪ್ಪಿನೊಡನೆ ಬೆರೆತಿತ್ತು. ತಮ್ಮ ಕೈಯಿಂದಲೇ ಸುರಿದದ್ದನ್ನು ಅವರು ಇನ್ನೊಬ್ಬನ ಅಪರಾಧವೆಂದು ಓದಿದ್ದರು.

"ಬೇರೆ ಯಾರಿಗಾದ್ರೂ ಗೊತ್ತಾ ಭಾವ?" ಎಂದೆ. ಬೆಳಿಗ್ಗೆ ಬಣ್ಣದವನ ಮನೆಗೆ ಹೊರಟಾಗ ಜೊತೆಗೆ ಬಾ ಎಂದಷ್ಟೇ ಹೇಳಿದರು.

ಬಣ್ಣದವನು ಜಗಲಿಯ ಮೇಲೆ ಕೂತಿದ್ದ. ಕೆಲಸವಿಲ್ಲದ ಬಿಡುವಿನಲ್ಲಿ ಅವನ ಉಗುರುಗಳ ಬಣ್ಣ ಪೂರಾ ಮಾಸಿಹೋಗಿತ್ತು. ಭಾವ ಪೀಠಿಕೆಯಿಲ್ಲದೆ ಎಲ್ಲವನ್ನೂ ಹೇಳಿದರು. ಅವನು ಕೇಳಿಸಿಕೊಂಡ.

"ಯಾವಾಗ ಗೊತ್ತಾಯ್ತು?"

"ನಿನ್ನೆ."

"ರಾತ್ರಿ ನಿದ್ದೆ ಬಂತಾ?"

"ಇಲ್ಲ."

"ನನಗೆ ಬೇಸಿಗೆಯಿಂದ ಬಂದಿಲ್ಲ ಸಾರ್." ಆಮೇಲೆ ತನ್ನ ಬೋಳು ಉಗುರುಗಳನ್ನೇ ನೋಡುತ್ತ, "ನನ್ನೊಬ್ಬನ ಹತ್ರ ಯಾಕೆ ಹೇಳ್ತೀರಾ? ಅವತ್ತು ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ರಿ," ಎಂದ.

ಹಾಗಾಗಿ ಅದೇ ಹಜಾರ, ಅದೇ ಬೆಂಚುಗಳು. ಭಾವ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಹಾಕಿ, ಇದು ನನ್ನ ಉಪ್ಪು ಎಂದರು. ಹಿಂದಿನ ಸಾಲಿನಿಂದ ಒಬ್ಬ ಎದ್ದ.

"ಹಾಗಾದ್ರೆ ನಮ್ಮ ಬಾವಿಗೂ ನೀವೇ ಸುರಿದ್ರಾ ಸಾರ್?"

ಹಜಾರವೆಲ್ಲ ನಕ್ಕಿತು. ಬಣ್ಣದವನು ಮಾತ್ರ ನಗಲಿಲ್ಲ.

"ಇಲ್ಲ."

"ಮತ್ತೆ ಉಪ್ಪು ಎಲ್ಲಿಂದ ಬಂತು?"

"ಗೊತ್ತಿಲ್ಲ," ಎಂದರು ಭಾವ.

"ಅವತ್ತು ಗೊತ್ತಿತ್ತಲ್ಲಪ್ಪಾ!" ಎಂದಳು ಮುದುಕಿಯೊಬ್ಬಳು, ಕನಿಕರದಿಂದಲೇ. ಭಾವನ ಕಿವಿಗಳು ಕೆಂಪಾದವು. ನನ್ನ ಪಕ್ಕದಲ್ಲಿ ಕೂತಿದ್ದ ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ತಲೆ ಎತ್ತಲೇ ಇಲ್ಲ.

ಕಾರ್ಖಾನೆಯ ಬೀಗ ತೆಗೆದರು. ಅಷ್ಟರಲ್ಲಿ ಕೆಲಸಗಾರರು ಹಲವರು ಬೇರೆ ಕಡೆ ಸೇರಿಬಿಟ್ಟಿದ್ದರು, ಗಿರಾಕಿಗಳೂ ಹೋಗಿದ್ದರು. ಈಗ ಬಣ್ಣ ಕುದಿಸುವ ಒಲೆಗಳಲ್ಲಿ ಒಂದೇ ಉರಿಯುತ್ತದೆ. ಭಾವ ಕಚೇರಿಗೆ ಬೇರೆ ದಾರಿಯಿದ್ದರೂ ಆ ಬೀದಿಯಲ್ಲೇ ನಡೆಯುತ್ತಾರೆ. ನಮಸ್ಕಾರ ಹೇಳುತ್ತಾರೆ. ಬಣ್ಣದವನು ಮುಖ ತಿರುಗಿಸುತ್ತಾನೆ.

"ದಿನಾ ಯಾಕ್ರೀ ಆ ಕಡೆಯಿಂದ ಹೋಗ್ತೀರಾ?" ಎಂದು ಅಕ್ಕ ಒಮ್ಮೆ ಕೇಳಿದಳು.

"ಅವನು ಮುಖ ತಿರುಗಿಸೋಕೆ ನಾನು ಅಲ್ಲಿ ಇರಬೇಕಲ್ಲ."

ಕಾಣದ್ದನ್ನು ಕಂಡು ಹೇಳುವ ಜನ ಲೋಕಕ್ಕೆ ಬೇಕು; ಅವರ ಮಾತನ್ನು ಪರೀಕ್ಷಿಸುವ ಕಣ್ಣು ನಮ್ಮಲ್ಲಿಲ್ಲದ್ದರಿಂದ ನಾವು ಅವರನ್ನು ಸುಮ್ಮನೆ ನಂಬುತ್ತೇವೆ. ಅವರಲ್ಲಿ ಒಳ್ಳೆಯವರಿಗೆ, ತಾವು ತಪ್ಪಿದ್ದನ್ನು ಜನ ಕ್ಷಮಿಸಿದರೂ, ಜನ ಅಷ್ಟು ಸುಲಭವಾಗಿ ನಂಬಿಬಿಟ್ಟಿದ್ದರಲ್ಲ ಎಂಬ ನಾಚಿಕೆ ಮಾತ್ರ ಕೊನೆಯವರೆಗೂ ಇಂಗುವುದಿಲ್ಲ.