ಗ್ರಾಫಿಕ್ಸ್ ಕಾರ್ಡಿಗೆ ಜೋಡಿ ನೋಡಿದ್ದು

ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ಎಂದರೆ ನಮ್ಮಣ್ಣ ಅರುಣಕುಮಾರ. ಹರಪನಹಳ್ಳಿಯಲ್ಲಿ ಮೂರು ತಿಂಗಳ ಕೋರ್ಸ್ ಮುಗಿಸಿದ್ದಕ್ಕೆ ಕೊಟ್ಟ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಕೊಟ್ಟೂರಿನ ನಮ್ಮ ಗೊಬ್ಬರದ ಅಂಗಡಿಯಲ್ಲಿ ದೇವರ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾನೆ. ಯೂರಿಯಾ ಕೊಳ್ಳಲು ಬಂದವರು ಎರಡಕ್ಕೂ ಸೇರಿಸಿಯೇ ಕೈ ಮುಗಿಯುತ್ತಾರೆ ಎಂದು ಅವನ ನಂಬಿಕೆ.

ಕಂಪ್ಯೂಟರಿನ ಕಾರ್ ರೇಸಿನ ಆಟದಲ್ಲಿ ಅವನು ಊರಿಗೇ ಮೊದಲಿಗ ಎನ್ನುವುದೂ ಅಷ್ಟೇ ನಿಜ. ಗೆದ್ದವರ ಪಟ್ಟಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಅವನದೇ ಹೆಸರು. ಗೆಳೆಯರು ಬಂದರೆ ಚಹಾಕ್ಕಿಂತ ಮೊದಲು ಆ ಪಟ್ಟಿಯನ್ನು ತೋರಿಸುತ್ತಾನೆ. ಆ ಓಟಗಳನ್ನೆಲ್ಲ ಓಡಿಸಿದವಳು ಮಾತ್ರ ನಾನು, ಅವನ ತಂಗಿ ಸುಕನ್ಯಾ. ಮಧ್ಯಾಹ್ನ ಅವನು ಅಂಗಡಿಯಲ್ಲಿರುವಾಗ ಆಡುತ್ತಿದ್ದೆ. ಆಟ ಅವನ ಹೆಸರಿನಲ್ಲೇ ತೆರೆದುಕೊಳ್ಳುತ್ತಿತ್ತು, ಗೆಲುವು ಅವನ ಖಾತೆಗೇ ಬೀಳುತ್ತಿತ್ತು. ಅಣ್ಣನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ನೆನಪಿಟ್ಟುಕೊಳ್ಳುವ ತೊಂದರೆಯನ್ನು ಅವನು ತೆಗೆದುಕೊಂಡಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಹೊಸ ರೇಸಿನ ಆಟ ಮನೆಗೆ ಬಂತು. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿದರೆ ಕಾರು ಒಂದು ಕಡೆ, ಅದರ ಗಾಲಿಗಳು ಇನ್ನೊಂದು ಕಡೆ. ಚಿತ್ರ ಸರಿಯಾಗಿ ಮೂಡಲು ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ನನ್ನ ಬಳಿ ಆರು ಸಾವಿರ ರೂಪಾಯಿ ಇತ್ತು. ಎರಡು ವರ್ಷ ಓಣಿಯ ಹೆಂಗಸರ ಸೀರೆಗೆ ಫಾಲ್ ಹಚ್ಚಿ, ಪಿಕೋ ಹೊಡೆದು ಕೂಡಿಸಿದ್ದು. ಈ ದುಡ್ಡು ಹಾಳಾದರೆ ಮತ್ತೊಂದು ಕಾರ್ಡಿನ ಮಾತೇ ಇರಲಿಲ್ಲ.

ಹಾಗಾಗಿ ನಾನು ಓದಿಕೊಂಡಿದ್ದೆ. ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಕಾರ್ಡ್ ಕೂರುವ ಸಂದು ಎಂಥದ್ದು ಎಂದು ನೋಡಿದ್ದೆ. ಅದು ಹಳೆಯ ಎಜಿಪಿ ಸ್ಲಾಟ್. ಹೊಸ ಕಾರ್ಡುಗಳು ಅದರಲ್ಲಿ ಕೂರುವುದಿಲ್ಲ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅಣ್ಣನ ಕೈಗೆ ಕೊಟ್ಟೆ.

"ಕೋರ್ಸ್ ಮಾಡಿದಾವ ನಾನೋ ನೀನೋ?" ಎಂದು ಅವನು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ನೀ ಯಾಕ ದಾವಣಗೆರಿ ತನಕ ಹೊಕ್ಕಿ? ಗಂಡಸರು ನೋಡ್ಕೊಂಡು ಬರ್ತಾರ ತಗಾ" ಎಂದಳು ಅವ್ವ.

ಗಂಡಸರು ಎಂದರೆ ಅಣ್ಣ ಮತ್ತು ತೆಲಿಗಿಯ ನಮ್ಮ ಸೋದರಮಾವ ಪಾಲಾಕ್ಷಪ್ಪ. ಮಾವ ದನದ ದಲ್ಲಾಳಿ. ಟವೆಲ್ ಮರೆಯಲ್ಲಿ ಎದುರಿನವನ ಬೆರಳು ಹಿಡಿದು ದರ ಮುರಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಚೌಕಾಸಿಗಿರಲಿ ಎಂದು ಅವನನ್ನು ಕರೆಸಿದ್ದರು. ಬಂದವನು ಮೊದಲು ಕಂಪ್ಯೂಟರಿನ ಪೆಟ್ಟಿಗೆಯನ್ನು ಸುತ್ತಿ ನೋಡಿದ.

"ಇದನ್ನೂ ಹೊತ್ಕೊಂಡು ನಡಿ" ಎಂದ.

"ಇದ್ಯಾಕ ಮಾವ?"

"ಒಂಟೆತ್ತು ತರಾಕ ಹೊಂಟ್ರ ಮನ್ಯಾಗಿನ ಎತ್ತು ಹೊಡ್ಕೊಂಡು ಹೋಗ್ತೀವಿ. ಜೋಡಿ ಕೂಡ್ತಾವೋ ಇಲ್ಲೋ ಅಲ್ಲೇ ನಿಲ್ಲಿಸಿ ನೋಡ್ಬೇಕು."

ಅಣ್ಣ ಹೊಟ್ಟೆ ಹಿಡಿದು ನಕ್ಕ. ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ತಗಡಿನ ಪೆಟ್ಟಿಗೆ ಹೊರುವುದು ಸರ್ಟಿಫಿಕೇಟಿಗೆ ಅವಮಾನ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಪೆಟ್ಟಿಗೆ ಮನೆಯಲ್ಲೇ ಉಳಿಯಿತು.

ಸಂಜೆ ಕಾರ್ಡ್ ಬಂತು. ಡಬ್ಬದ ಮೇಲೆ ಕತ್ತಿ ಹಿಡಿದ ಹೆಂಗಸಿನ ಚಿತ್ರ, ಒಳಗೆ ರೊಟ್ಟಿ ಹಂಚಿನಂಥ ಫ್ಯಾನು. ಮಾವ ಏಳುನೂರು ರೂಪಾಯಿ ಮುರಿದಿದ್ದ. ಅಣ್ಣ ಅತ್ಯಂತ ಹೊಸದನ್ನು ಆರಿಸಿದ್ದ. ಮುಚ್ಚಳ ತೆಗೆದು ಒತ್ತಿದ, ತಿರುಗಿಸಿ ಒತ್ತಿದ, ಊದಿ ಒತ್ತಿದ. ಅದು ಕೂರಲಿಲ್ಲ. ನನ್ನ ಚೀಟಿ ಅವನ ಜೇಬಿನಲ್ಲಿ ಮಡಿಕೆ ಸಹ ಬಿಚ್ಚದೆ ಕೂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟಿನದು.

"ಕಾರ್ಡ್ ಛಲೋ ಐತಿ. ನಮ್ಮ ಕಂಪ್ಯೂಟರ್ ಹಳೇದಾತು. ಅದನ್ನ ಬದಲಿ ಮಾಡ್ಬೇಕು" ಎಂದ ಅಣ್ಣ. ಚಪ್ಪಲಿ ಕಚ್ಚಿದರೆ ಕಾಲು ಬದಲಿಸೋಣ ಎನ್ನುವಷ್ಟು ಓದಿಕೊಂಡವನು.

ಮಾವ ನಗಲಿಲ್ಲ. ನನ್ನ ಮುಖ ನೋಡಿದ. "ರೊಕ್ಕ ಯಾರ್ದು?" ಎಂದು ಅವ್ವನನ್ನು ಕೇಳಿದ. ಅವ್ವ ನನ್ನ ಕಡೆ ಕೈ ತೋರಿಸಿದಳು. "ಎತ್ತು ಹೂಡಾಕಿನೂ ಈಕೇ ಏನು? ಆಟ ಆಡಾಕಿ?" ಎಂದ. ಈ ಪ್ರಶ್ನೆಯನ್ನು ಆ ಮನೆಯಲ್ಲಿ ಕೇಳಿದ ಮೊದಲ ಮನುಷ್ಯ ಅವನೇ. ನಾನು ಹೌದೆಂದೆ. ಅಣ್ಣ ಆಗ ಫ್ಯಾನಿನ ಧೂಳು ಒರೆಸುವುದರಲ್ಲಿ ಬಹಳ ಮಗ್ನನಾಗಿದ್ದ, ಆ ಹೊಸ ಫ್ಯಾನಿಗೆ ಧೂಳೇ ಇರಲಿಲ್ಲ.

ಮರುದಿನ ಮಾವ ಪೆಟ್ಟಿಗೆ ಹೊತ್ತ, ನಾನು ಕಾರ್ಡ್ ಹಿಡಿದುಕೊಂಡೆ. ಕಂಡಕ್ಟರ್ ಪೆಟ್ಟಿಗೆಗೂ ಲಗೇಜ್ ಟಿಕೆಟ್ ಹರಿದ. ದಾವಣಗೆರೆಯ ಅಂಗಡಿಯವನು ನಮ್ಮನ್ನು ನೋಡಿದ್ದೇ, ಮಾರಿದ ಮಾಲು ವಾಪಸ್ ಇಲ್ಲ ಎಂಬ ಬೋರ್ಡಿನ ಕಡೆ ಬೆರಳು ತೋರಿಸಿದ.

ನಾನು ಗಲ್ಲಾದ ಮುಂದೆಯೇ ಸ್ಕ್ರೂ ಬಿಚ್ಚಿ ಸ್ಲಾಟ್ ತೋರಿಸಿದೆ. "ಇದಕ್ಕ ಎಜಿಪಿ ಕಾರ್ಡ್ ಬೇಕ್ರಿ. ನೂರಾ ಇಪ್ಪತ್ತೆಂಟು ಎಂ.ಬಿ. ಮೆಮೊರಿದು, ಸಣ್ಣ ಫ್ಯಾನಿಂದು ಕೊಡ್ರಿ" ಎಂದೆ.

"ಅದು ಹಳೇ ಮಾಡಲ್ ಯಜಮಾನ್ರೇ" ಎಂದು ಅವನು ಮಾವನಿಗೆ ಉತ್ತರಿಸಿದ.

"ನನ್ನ ಮಾರಿ ಏನ್ ನೋಡ್ತೀರಿ? ಕೇಳಿದಾಕಿ ಆಕಿ."

ಬದಲಿ ಕೊಡಬಹುದು, ಆದರೆ ಸಾವಿರ ರೂಪಾಯಿ ಮುರಿದುಕೊಳ್ಳುತ್ತೇನೆ ಎಂದ ಅವನು. ಮಾವ ಹೆಗಲ ಮೇಲಿನ ಟವೆಲ್ ತೆಗೆದ. ತನ್ನ ಕೈಗೆ ಹಾಕಿಕೊಳ್ಳಲಿಲ್ಲ, ನನ್ನ ಕೈಯ ಮೇಲೆ ಹೊದಿಸಿದ. "ರೊಕ್ಕ ನಿಂದು. ಬೆರಳು ನೀನ ಹಿಡಿ" ಎಂದ.

ನಾನು ಟವೆಲ್ ಸಮೇತ ಕೈ ಮುಂದೆ ಚಾಚಿದೆ. ಅಂಗಡಿಯವನು ಬಿಸಿ ಹಂಚು ಮುಟ್ಟಿದವನ ಹಾಗೆ ಕೈ ಹಿಂದಕ್ಕೆಳೆದ. ಅಂಗಡಿ ತುಂಬ ಗಿರಾಕಿಗಳಿದ್ದರು. "ಬ್ಯಾಡ ಬಿಡ್ರಮ್ಮ, ಹಂಗೇ ಚೇಂಜ್ ಮಾಡಿಕೊಡ್ತೀನಿ" ಎಂದ. ತನ್ನ ಇಡೀ ದಲ್ಲಾಳಿಕೆಯಲ್ಲಿ ಬೆರಳು ಮುಟ್ಟದೆ ದರ ಇಳಿದದ್ದನ್ನು ಕಂಡಿರಲಿಲ್ಲ ಎಂದು ಮಾವ ಬಸ್ಸಿನಲ್ಲಿ ಹರಪನಹಳ್ಳಿಯವರೆಗೂ ಹೇಳಿದ.

ಮನೆಗೆ ಬಂದು ನಾನು ಕಾರ್ಡ್ ಕೂರಿಸಿದೆ. ಒಂದೇ ಒತ್ತಿಗೆ ಕೂತಿತು. ಅಷ್ಟರಲ್ಲಿ ಅಣ್ಣ ಇಬ್ಬರು ಗೆಳೆಯರನ್ನು ಕರೆತಂದು ಕುರ್ಚಿಯಲ್ಲಿ ಆಸೀನನಾಗಿದ್ದ. ಮೊದಲಿಗರು ಆಡುವುದು ಹೇಗೆ ಎಂದು ಅವರಿಗೆ ತೋರಿಸಬೇಕಿತ್ತು. ಕಾರು ಫಳಫಳ ಹೊಳೆಯಿತು, ಗಾಲಿಗಳು ಕಾರಿನಲ್ಲೇ ಇದ್ದವು. ಮೂರು ಸಲ ಓಡಿಸಿದ, ಮೂರು ಸಲವೂ ಕೊನೆಯವನಾಗಿ ಬಂದ. ಗೆಳೆಯರು ಗೋಡೆ ನೋಡತೊಡಗಿದರು.

"ಈ ಕಾರ್ಡ್ ಸರಿ ಇಲ್ಲ" ಎಂದ ಅಣ್ಣ.

ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಮಾವ ತಲೆಯೆತ್ತಿದ. "ಎತ್ತು ಛಲೋ ಅದಾವಪ್ಪ. ಏಳು, ಹೂಡಾಕಿ ಕುಂದರ್ಲಿ."

ಅಣ್ಣ ಎದ್ದ. ನಾನು ಕೂತು, ಆಟಗಾರನ ಹೆಸರು ಎಂದಿದ್ದ ಕಡೆ ಅರುಣ್ ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಸುಕನ್ಯಾ ಎಂದು ಬರೆದೆ.