ಕಾಡಕ್ಕಿಯ ಪರವಾನಗಿ

ಅಮೆರಿಕದ ಮೂಲನಿವಾಸಿಗಳಾದ ನಮ್ಮ ಒಜಿಬ್ವೆ ಜನರ ಸೀಮೆಯಲ್ಲಿ ಒಬ್ಬರನ್ನು ಗುರುತಿಸುವುದು ಮುಖ ನೋಡಿ ಅಲ್ಲ, ಅವರು ಓಡಿಸುವ ಟ್ರಕ್ಕು ನೋಡಿ. ಬಾಗಿಲ ಮುಂದೆ ಯಾರ ಟ್ರಕ್ಕು ನಿಂತರೂ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅದಕ್ಕೇ, ಜನರ ಮನಸ್ಸಿನ ನೋವು ಕೇಳಲೆಂದು ನನ್ನನ್ನು ಕೂರಿಸಿದ್ದ ಕೋಣೆಗೆ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

"ನೊಣ ಹೊಡೀತಾ ಕೂರೋಕೆ ನಾನ್ಯಾಕೆ ಬೇಕು, ಅತ್ತೆ?" ಎಂದು ನಮ್ಮ ಆರೋಗ್ಯ ಇಲಾಖೆ ನಡೆಸುವ ಅರ್ಲೀನತ್ತೆಯ ಮೇಲೆ ರೇಗಿದೆ.

"ಬಾಯ್ಮುಚ್ಕೊಂಡು ಕಾಫಿ ಕಾಸು," ಎಂದಳು.

ಮರುವಾರ, ಕೆರೆಯ ನೀರಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿ ಕೊಯ್ಯಲು ಪರವಾನಗಿ ಕೊಡುವ ಮೇಜನ್ನು ಪಂಚರೊಡನೆ ಜಗಳವಾಡಿ ನನ್ನ ಕೋಣೆಯ ಹೊರಗೇ ಹಾಕಿಸಿದಳು. ಊರಿನ ಟ್ರಕ್ಕುಗಳೆಲ್ಲ ಅಲ್ಲೇ ನಿಂತವು. ಯಾರು ಯಾತಕ್ಕೆ ಬಂದರೆಂದು ಯಾವ ಚಾಡಿಕೋರನಿಗೂ ತಿಳಿಯಲಿಲ್ಲ.

ಮಗ ಸತ್ತ ಮೇಲೆ ಮೂಕನಂತಾಗಿದ್ದ ಊರ ಹಿರಿಯ ಡೆಲ್ಮರ್ ಮಾವನೂ ಬಂದ. ಪರವಾನಗಿ ಪಡೆದು, ನನ್ನ ಬಾಗಿಲು ನೋಡಿ, "ಕಾಫಿ ಇದ್ಯೇನೋ?" ಎಂದ. ಆಮೇಲೆ ವಾರವಾರವೂ, "ಆ ಕಾಗ್ದ ಎಲ್ಲೋ ಕಳ್ದೋಯ್ತು ಕಣೋ," ಎನ್ನುತ್ತ ಬಂದು ಕೂತ.

ಕೊಯ್ಲು ಮುಗಿಯಿತು. ಕೆರೆ ಕಲ್ಲಿನಂತೆ ಹೆಪ್ಪುಗಟ್ಟಿತು. ಆ ಹಿಮದಲ್ಲೂ ಮಾವ ಬಂದು ಟೋಪಿ ತೆಗೆದ.

"ಕಾಡಕ್ಕಿ ಪರವಾನಗಿ ಬೇಕಿತ್ತು."

ನನಗೆ ನಗು ಬರುವ ಮೊದಲೇ ಅರ್ಲೀನತ್ತೆ ಗಂಭೀರವಾಗಿ ಎದ್ದು ನಿಂತಳು.

"ಇನ್ನೂ ಕೊಡ್ತಿದೀವಿ ಅಣ್ಣ. ಒಳಗ್ಹೋಗಿ ಕೂತ್ಕೋ."