ಕೈ ಹೋಗುವ ಗ್ಲಾಸು

ಬೀರೇಶ ಮಹಡಿಯ ಕೋಣೆಯಲ್ಲಿ ಪುಟ್ಟದೊಂದು ಬಾರ್ ಕಟ್ಟಿಸಿದ್ದ. ಅಡುಗೆಮನೆಗೆ ಹಾಕಿ ಉಳಿದ ಗ್ರಾನೈಟಿನ ಕಟ್ಟೆ, ಎರಡು ಎತ್ತರದ ಸ್ಟೂಲು, ಒಂದು ನೀಲಿ ದೀಪ. ಗ್ಲಾಸುಗಳು ಮಾತ್ರ ಬಾಕಿ. ಹೆಂಡತಿ ಯಶಸ್ವಿನಿ ಬೇಡವೆನ್ನಲಿಲ್ಲ, ಒಂದು ಷರತ್ತು ಹಾಕಿದಳು.

"ಬೀರಿಗೊಂದು, ವೈನಿಗೊಂದು, ವಿಸ್ಕಿಗೊಂದು ಅಂತ ತಂದ್ರೆ ತೊಳೆಯೋರು ಯಾರು? ಒಂದೇ ತರದ್ದು, ಆರೇ ಆರು ತಗೊಂಡ್ ಬನ್ನಿ."

ಎಲ್ಲಕ್ಕೂ ಒಗ್ಗುವ ಒಂದೇ ಗ್ಲಾಸು ಯಾವುದು? ಮೂರು ದಿನ ತಲೆ ಕೆಡಿಸಿಕೊಂಡ ಬೀರೇಶ ಕೊನೆಗೆ ಯಶಸ್ವಿನಿಯ ಅಣ್ಣ ಅನಿಲ್‌ಕುಮಾರನನ್ನು ಕರೆದ. ಅನಿಲ್ ಸೋಂಪುರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವವನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ತಿರಸ್ಕರಿಸುತ್ತಿದ್ದ. ಹೆಣ್ಣು ನೋಡಲು ಹೋದಾಗಲೂ ಹಾಗೇ ಮಾಡಿದ್ದರಿಂದ ಇನ್ನೂ ಮದುವೆಯಾಗಿರಲಿಲ್ಲ.

ಶನಿವಾರ ಬೆಳಗ್ಗೆ ಇಬ್ಬರೂ ನೆಲಮಂಗಲದ ಅನುಸೂಯಮ್ಮನ ಪಾತ್ರೆ ಅಂಗಡಿಗೆ ಹೊರಟರು. ಕುಕ್ಕರಿಗೆ ರಬ್ಬರು ಬೇಕೆಂದು ಬೀರೇಶನ ತಾಯಿ ಆದಿಲಕ್ಷ್ಮಮ್ಮನೂ ಕಾರು ಹತ್ತಿದರು.

ಅಂಗಡಿಯಲ್ಲಿ ಅನಿಲ್ ಜೇಬಿನಿಂದ ಅಳತೆಯ ಸಾಧನ ತೆಗೆದು ಗ್ಲಾಸುಗಳ ಅಂಚು, ತಳ, ಬಾಯಿ ಎಲ್ಲ ಅಳೆಯತೊಡಗಿದ.

"ಕುಡಿಯಕ್ಕಾ, ಚಿನ್ನ ತೂಗಕ್ಕಾ?" ಎಂದರು ಅನುಸೂಯಮ್ಮ.

ಆದಿಲಕ್ಷ್ಮಮ್ಮನ ಪರೀಕ್ಷೆಯೇ ಬೇರೆ. ಉದ್ದ ಕಾಲಿನ ವೈನ್ ಗ್ಲಾಸನ್ನು ಕಿರುಬೆರಳಲ್ಲಿ ನೂಕಿದರು. ಅದು ಉರುಳಿತು. ಅನುಸೂಯಮ್ಮ ಹೌಹಾರಿ ಹಿಡಿದುಕೊಂಡರು.

"ಇದು ನಿಂತ್ಕಳಾದೇ ಇಲ್ಲ. ಕುಡಿದೋನು ಹೆಂಗಪ್ಪಾ ನಿಂತ್ಕತಾನೆ?"

ಅನಿಲ್ ಎತ್ತರದ ಕಿರಿದಾದ ಗ್ಲಾಸೊಂದನ್ನು ಎತ್ತಿ ಹಿಡಿದ. "ಅತ್ತೆ, ಇದೇ ಸರಿ. ಅಳತೆ ಪಕ್ಕಾ ಐತೆ."

"ತೊಳೆಯಕ್ಕೆ ಕೈ ಹೋಗಲ್ವಲ್ಲಪ್ಪಾ."

"ಯಾಕೋಗಲ್ಲ? ನೋಡಿ" ಎಂದು ಅನಿಲ್ ಬೆರಳುಗಳನ್ನು ಕೂಡಿಸಿ ಕೈ ತುರುಕಿದ. ಕೈ ಹೋಯಿತು. ಬರಲಿಲ್ಲ.

ಮೊದಲು ನಕ್ಕ. ಆಮೇಲೆ ಎಳೆದ. ಬೀರೇಶ ಗ್ಲಾಸು ಹಿಡಿದು ಎಳೆದರೆ ಅನಿಲನೇ ಅದರ ಜೊತೆ ಬಂದ. ಪಕ್ಕದ ಅಂಗಡಿಯವರು ಸೇರಿದರು. ಒಬ್ಬರು ಸೋಪೆಂದರು, ಇನ್ನೊಬ್ಬರು ಹರಳೆಣ್ಣೆಯೆಂದರು. ಒಡೆದುಬಿಡೋಣ ಎಂದು ಯಾರೋ ಸುತ್ತಿಗೆ ತಂದಾಗ ಅನಿಲ್ ಕಿರುಚಿದ.

"ಎರಡು ಗಂಟೆಗೆ ಶಿಫ್ಟು ಕಣೋ ಬೀರೇಶ! ಗೇಟಲ್ಲಿ ಬೆರಳು ಒತ್ಬೇಕು!"

"ಇನ್ನೊಂದು ಕೈ ಐತಲ್ಲ ಭಾವ?"

"ರಿಜಿಸ್ಟ್ರಾಗಿರೋದು ಇದೇ ಕೈ ಬೆರಳು!"

ಆದಿಲಕ್ಷ್ಮಮ್ಮ ಎಲ್ಲರನ್ನೂ ದೂರ ಸರಿಸಿದರು. ಗ್ಲಾಸಿನೊಳಗೆ ಸೋಪಿನ ನೀರು ಬಿಟ್ಟು, "ಕೈ ಮೇಲಕ್ಕೆತ್ತು. ಊತ ಇಳೀಲಿ. ಎಳೀಬ್ಯಾಡ" ಎಂದರು. ಅನಿಲ್ ಅಂಗಡಿಯ ಮೆಟ್ಟಿಲ ಮೇಲೆ ಗ್ಲಾಸು ತೊಟ್ಟ ಕೈಯೆತ್ತಿ ನಿಂತ. ಸೋಪಿನ ನೊರೆ ತೋಳಿಗಿಳಿದು ಕಂಕುಳು ಸೇರಿತು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಬಂದು, ಅವನು ನಿಂತಿರುವುದು ಯಾವ ವಾರ್ಡಿಗೆ, ಚುನಾವಣೆಯ ಗುರುತು ಗ್ಲಾಸೇ ಎಂದು ವಿಚಾರಿಸಿದರು. ಅನಿಲ್ ಕಣ್ಣು ಮುಚ್ಚಿಕೊಂಡ.

ಕಾಲು ಗಂಟೆಯಾದ ಮೇಲೆ ಆದಿಲಕ್ಷ್ಮಮ್ಮ ಮೆಲ್ಲಗೆ ತಿರುಗಿಸಿದರು. 'ಪಚಕ್' ಎಂದು ಕೈ ಈಚೆ ಬಂತು. ನೆರೆದವರು ಚಪ್ಪಾಳೆ ತಟ್ಟಿದರು. ಅನಿಲ್ ಐದು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿಕೊಂಡ. ಅಳತೆಯ ಮಾತೇ ಎತ್ತಲಿಲ್ಲ.

ಆದಿಲಕ್ಷ್ಮಮ್ಮ ಅಗಲ ಬಾಯಿಯ, ದಪ್ಪ ತಳದ ಕುಳ್ಳ ಗ್ಲಾಸೊಂದಕ್ಕೆ ಮುಷ್ಟಿ ಇಳಿಸಿ, ಸಲೀಸಾಗಿ ತೆಗೆದು, "ಇಂತಾವು ಆರು ಕಟ್ಟಮ್ಮ" ಎಂದರು.

ಮರುದಿನ ಮಧ್ಯಾಹ್ನ ಬಾರಿನ ಉದ್ಘಾಟನೆ. ಕುಳ್ಳ ಗ್ಲಾಸಿನಲ್ಲಿ ಬೀರು ಎರಡು ಗುಟುಕಿಗೇ ಮುಗಿಯುತ್ತಿತ್ತು. ಬಂದ ನಾಲ್ವರು ಗೆಳೆಯರಿಗೆ ಸುರಿದು ಸುರಿದು ಬೀರೇಶನಿಗೆ ಕುಡಿಯಲು ಪುರುಸೊತ್ತೇ ಸಿಗಲಿಲ್ಲ. ಅಷ್ಟರಲ್ಲಿ ಆದಿಲಕ್ಷ್ಮಮ್ಮ ಮಜ್ಜಿಗೆಯ ಚೊಂಬು ಹಿಡಿದು ಮೇಲೆ ಬಂದರು. ಗೆಳೆಯರು ಗಡಬಡಿಸಿ ಗ್ಲಾಸುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಆಕೆ ಕಷ್ಟಪಟ್ಟು ಸ್ಟೂಲು ಹತ್ತಿ, ಕಾಲು ಇಳಿಬಿಟ್ಟು ಕೂತು, ಉಳಿದಿದ್ದ ಒಂದು ಗ್ಲಾಸಿಗೆ ಮಜ್ಜಿಗೆ ಸುರಿದುಕೊಂಡು ನೀಲಿ ದೀಪ ನೋಡಿದರು.

"ಚೆನ್ನಾಗೈತೆ ಕಣ್ಲಾ, ತಂಪಾಗೈತೆ. ಕುಡೀರಪ್ಪಾ, ನಾಚ್ಕೋಬ್ಯಾಡಿ."